ಕುಬಸದ ಬಳೆ ತೆಗೆದು ತೂಕ ನೋಡಿಕೊಂಡವಳು

ಗಂಗಾವತಿ ಕಡೆಯ ಹಳ್ಳಿಗಳಿಂದ ಬರುವ ಬಸುರಿಯರ ಬಾಯಲ್ಲಿ ತೂಕ ಹೆಚ್ಚಾಯಿತೆಂಬ ಸಂಕಟ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರಲ್ಲಿ ಒಬ್ಬಳಿಗೆ 24 ವರ್ಷ, ಚೊಚ್ಚಲ ಬಸುರಿ, ಏಳು ತಿಂಗಳು ನಡೆಯುತ್ತಿತ್ತು. ಎತ್ತರ 152 ಸೆಂ.ಮೀ. ಬಸುರಿಯಾಗುವ ಮೊದಲೇ 74 ಕೆಜಿ ಇದ್ದಳು. ತಪಾಸಣೆಗೆ ಹೋದಲ್ಲಿ ಯಾರೋ "ಇಷ್ಟು ದಪ್ಪ ಆದ್ರೆ ಹೆರಿಗಿ ಹೆಂಗವಾ?" ಅಂದಿದ್ದರಂತೆ. ಅಷ್ಟೇ ಮಾತು. ಅದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಅತ್ತೆಯ ಜೊತೆ ಬಂದಳು. ಕೋಣೆಯ ಮೂಲೆಯಲ್ಲಿದ್ದ ತೂಕದ ಯಂತ್ರ ನೋಡಿ ಚಪ್ಪಲಿ ಬಿಟ್ಟಳು. ಆಮೇಲೆ ಕುರ್ಚಿಯಲ್ಲಿ ಕೂತು ಕುಬಸದಲ್ಲಿ (ಸೀಮಂತದಲ್ಲಿ) ತೊಡಿಸಿದ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಸೆರಗಿನಲ್ಲಿ ಹಾಕಿಕೊಳ್ಳತೊಡಗಿದಳು. ಕೈ ಸ್ವಲ್ಪ ಊದಿತ್ತು, ಬಳೆ ಸುಲಭಕ್ಕೆ ಬರುತ್ತಿರಲಿಲ್ಲ. ಅತ್ತೆ ಗಾಬರಿಯಾದರು. "ಏ ತಂಗಿ, ಕುಬಸದ ಬಳಿ ತೆಗೀತಾರೇನ?" ಅವಳು ಮಾತಾಡಲಿಲ್ಲ. ಯಂತ್ರ ಹತ್ತಿದಳು. 81.

"ಬಳಿ ತೆಗದ್ರೂ ಅಷ್ಟೇ ಐತ್ರಿ ಮೇಡಂ. ರಾತ್ರಿ ಉಣ್ಣೂದು ಬಿಟ್ಟೀನಿ. ಆದ್ರೂ ಈ ಮೈ ನನ್ನ ಮಾತು ಕೇಳವಲ್ದು."

ಅತ್ತೆಗೆ ಇದು ಗೊತ್ತೇ ಇರಲಿಲ್ಲ. ಎರಡು ಜೀವದ ಊಟ ಅಂತ ಅವರು ತಾಟಿನ ತುಂಬ ಅನ್ನ ಬಡಿಸುತ್ತಿದ್ದರು. ಇವಳು ಅದನ್ನು ಹಿತ್ತಲಿಗೆ ಒಯ್ದು ಎಮ್ಮೆಗೆ ಹಾಕುತ್ತಿದ್ದಳು. ಬೆಳಿಗ್ಗೆ ಕಣ್ಣು ಕತ್ತಲೆ ಬಂದಾಗ ಸಕ್ಕರೆ ಚಹಾದಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು.

ಮೊದಲು ಬಳೆ ತೊಟ್ಟುಕೊ ಅಂದೆ. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ: ಹೆಚ್ಚಾದ 7 ಕೆಜಿ ಬರೀ ಕೊಬ್ಬಲ್ಲ. ಈ ಹೊತ್ತಿಗೆ ಕೂಸೇ ಸುಮಾರು ಒಂದು ಕೆಜಿ. ಮಾಸು (ಕೂಸಿಗೆ ಆಹಾರ ಒದಗಿಸುವ ಅಂಗ), ನೀರು, ಬೆಳೆದ ಗರ್ಭಕೋಶ, ಹೆಚ್ಚಾದ ರಕ್ತ ಎಲ್ಲ ಅದರಲ್ಲಿವೆ. ಬಸುರಿನ ಮೊದಲ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹಸಿವು ಹೆಚ್ಚಿಸುತ್ತದೆ, ಮೈ ಮುಂದಿನ ದಿನಗಳಿಗೆ ಕೊಬ್ಬು ಕೂಡಿಡುತ್ತದೆ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ರಕ್ತದಲ್ಲಿ ಜಾಸ್ತಿಯೇ ಇರುತ್ತದೆ, ಆದರೆ ಅದರ ಮಾತು ಮಿದುಳಿಗೆ ಸರಿಯಾಗಿ ನಾಟುವುದಿಲ್ಲ. ಐದಾರು ತಿಂಗಳು ದಾಟಿದ ಮೇಲೆ ಮಾಸಿನ ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ತಾಯಿಯ ರಕ್ತದಲ್ಲಿ ಸಕ್ಕರೆ ಉಳಿಯಲಿ, ಕೂಸಿಗೆ ಸಿಗಲಿ ಅಂತ. ಮೊದಲೇ ತೂಕ ಜಾಸ್ತಿ ಇದ್ದವರಲ್ಲಿ ಇನ್ಸುಲಿನ್ ಆಗಲೇ ಏದುಸಿರು ಬಿಡುತ್ತಿರುತ್ತದೆ. ಅದಕ್ಕೇ ಅವರಿಗೆ ಸಕ್ಕರೆ ಏರುವ ಭಯ ಹೆಚ್ಚು.

ಉಪವಾಸ ಬೇಡವೇ ಬೇಡ ಅಂದೆ. ಬಸುರಿಯ ಮೈ ಹಸಿದಾಗ ಬೇರೆಯವರಿಗಿಂತ ಬೇಗ ಕೊಬ್ಬು ಕರಗಿಸಿ ಕೀಟೋನ್ ಎಂಬ ಆಮ್ಲದಂಥ ವಸ್ತು ಮಾಡತೊಡಗುತ್ತದೆ, ಅದು ಒಳ್ಳೆಯದಲ್ಲ. ರಾತ್ರಿ ಒಂದೂವರೆ ಜೋಳದ ರೊಟ್ಟಿ, ಜೊತೆಗೆ ಪಲ್ಯ, ಬೇಳೆ, ಮೊಸರು. ಅನ್ನ ಒಂದು ಹಿಡಿ ಸಾಕು. ಬಿಸ್ಕತ್ತಿನ ಬದಲು ನೆನೆಸಿದ ಶೇಂಗಾ. ಉಂಡ ಮೇಲೆ ಅಂಗಳದಲ್ಲಿ ಹತ್ತು ಹದಿನೈದು ನಿಮಿಷ ನಡಿಗೆ. ತೂಕ ಹದಿನೈದು ದಿನಕ್ಕೊಮ್ಮೆ, ಒಂದೇ ಯಂತ್ರದಲ್ಲಿ. ಮುಖ, ಕೈ ದಿಢೀರ್ ಊದಿದರೆ, ಜೋರು ತಲೆನೋವು ಬಂದರೆ ಇಲ್ಲವೇ ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಬಿಪಿ ಏರಿದ ಲಕ್ಷಣ ಇರಬಹುದು, ನಾಳೆ ನೋಡೋಣ ಅನ್ನುವಂಥದ್ದಲ್ಲ. ಕೈ ಊದಿತ್ತಲ್ಲ, ಅವತ್ತೇ ಡಾಕ್ಟರ ಹತ್ತಿರ ಬಿಪಿ ನೋಡಿಸಲು ಕಳಿಸಿದೆ. ಸರಿ ಇತ್ತು. ಸಕ್ಕರೆ ಪರೀಕ್ಷೆಯೂ ಆಗಲಿ ಅಂದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ. ರಕ್ತದ ಸಕ್ಕರೆ 140 (ಪ್ರತಿ ಡೆಸಿಲೀಟರಿಗೆ ಮಿ.ಗ್ರಾಂ) ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಅವಳಿಗೆ 152 ಬಂತು.

ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನು ಆಕ್ಷೇಪಿಸಿದರು. "ಹಾರ್ಮೋನ್ ಅಂತ ಹೇಳಿ ನೆಪ ಕೊಡ್ತೀರಿ, ಆಮೇಲೆ ಅವರು ಬಾಯಿ ಕಟ್ಟೋದೇ ಇಲ್ಲ." ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಶುರುವಿನಲ್ಲೇ ತೂಕ ಅಷ್ಟಿದ್ದವರು ಹೆರಿಗೆ ತನಕ ಒಟ್ಟು 5ರಿಂದ 9 ಕೆಜಿ ಹೆಚ್ಚಾದರೆ ಸಾಕು ಅನ್ನುವುದು ಡಾಕ್ಟರುಗಳು ಬಳಸುವ ಲೆಕ್ಕ. ಅದನ್ನು ಅವಳಿಗೆ ನಾನು ಮುಚ್ಚಿಡಲಿಲ್ಲ. ಆದರೆ ಬೈಸಿಕೊಂಡ ಹೆಣ್ಣುಮಗಳು ಬಾಯಿ ಕಟ್ಟಲಿಲ್ಲ, ಮುಚ್ಚಿಟ್ಟಳು. ಮುಚ್ಚಿಟ್ಟ ಊಟಕ್ಕೆ ಯಾವ ಡಾಕ್ಟರ್ ಸಲಹೆ ಕೊಡಲು ಆಗುತ್ತದೆ? ತನ್ನ ಮೈಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿದ ಮೇಲೆ ಅದೇ ಹುಡುಗಿ ಬಿಸ್ಕತ್ತು ಬಿಟ್ಟಳು. ಅತ್ತೆ ಅನ್ನ ಬಡಿಸುವ ಸೌಟು ಬದಲಿಸಿದರು. ನನಗೆ ಬೇರೆ ಸಮರ್ಥನೆ ಬೇಕಿಲ್ಲ.

ಎರಡು ವಾರದಲ್ಲಿ, ಊಟ ಬದಲಿಸಿದ್ದರಿಂದಲೇ ಸಕ್ಕರೆ ಹತೋಟಿಗೆ ಬಂತು. ಹೆರಿಗೆಯಾಗಿ ತವರಿನಿಂದ ಫೋನ್ ಮಾಡಿದಳು. ಕೂಸು ಆರೋಗ್ಯವಾಗಿದೆ, ಹಾಲು ಕುಡಿಯುತ್ತಿದೆ ಅಂದಳು. ಆಮೇಲೆ ದನಿ ತಗ್ಗಿಸಿ, "ಈಗ ತೂಕ ನೋಡ್ಲೇನ್ರಿ ಮೇಡಂ?" ಅಂತ ಕೇಳಿದಳು. ಆರು ವಾರಕ್ಕೆ ಸಕ್ಕರೆ ಪರೀಕ್ಷೆ ಮತ್ತೊಮ್ಮೆ ಮಾಡಿಸಬೇಕು, ಮೊದಲು ಅದಕ್ಕೆ ಹೋಗು ಅಂದೆ.