ಲ್ಯಾಬಲ್ಲಿ ಬೆಳೆಸುವ ಎಂಎ-10 ಕೋಶಗಳಿಗೆ ಎಚ್‌ಸಿಜಿ ಹಾರ್ಮೋನ್ ಹಾಕಿದರೂ ಟೆಸ್ಟೋಸ್ಟೆರಾನ್ ಏರುತ್ತಿಲ್ಲ. ಎಚ್‌ಸಿಜಿ ಬಂದು ಅಂಟುವ ರಿಸೆಪ್ಟರ್ ಕೆಟ್ಟಿದೆಯೇ? ಡೋಸ್ ಹೆಚ್ಚಿಸಲೇ?

ಡೋಸ್ ಮುಟ್ಟಬೇಡಿ. ಇದೇ ಪ್ರಶ್ನೆ ಹಿಡಿದು ನಾನು ಐದು ತಿಂಗಳು ಕಳೆದುಕೊಂಡಿದ್ದೇನೆ.

ಆಗ ಬದಿಯಡ್ಕದಿಂದ ಬೆಳಿಗ್ಗೆ ಬಸ್ ಹಿಡಿದು ಕಾಸರಗೋಡು, ಅಲ್ಲಿಂದ ಇನ್ನೊಂದು ಬಸ್ಸಲ್ಲಿ ಲ್ಯಾಬ್. ಎಚ್‌ಸಿಜಿ ಹಾಕಿ, ನಾಲ್ಕು ಗಂಟೆ ಬಿಟ್ಟು ಮೀಡಿಯಂ (ಕೋಶ ಬೆಳೆಯುವ ದ್ರವ) ತೆಗೆದು, ಟೆಸ್ಟೋಸ್ಟೆರಾನ್ ಎಲೈಸಾ (ಬಣ್ಣ ನೋಡಿ ಹಾರ್ಮೋನ್ ಅಳೆಯುವ ಪರೀಕ್ಷೆ) ಮಾಡುತ್ತಿದ್ದೆ. ಆ ಕಿಟ್‌ನಲ್ಲಿ ಹಾರ್ಮೋನ್ ಜಾಸ್ತಿಯಾದಷ್ಟೂ ಬಣ್ಣ ಕಡಿಮೆಯಾಗಬೇಕು. ನನ್ನ ಪ್ಲೇಟ್‌ನಲ್ಲಿ ಪ್ರತಿ ಸಲವೂ ಎಲ್ಲ ವೆಲ್‌ಗಳೂ (ಪ್ಲೇಟ್‌ನ ಸಣ್ಣ ಗುಳಿಗಳು) ಒಂದೇ ಗಾಢ ಹಳದಿ. ಎಚ್‌ಸಿಜಿ ಹಾಕಿದ್ದೂ ಅಷ್ಟೇ, ಹಾಕದ್ದೂ ಅಷ್ಟೇ.

ತಪ್ಪು ಒಂದೇ. ಲೇಡಿಗ್ ಕೋಶ, ಅಂದರೆ ವೃಷಣದಲ್ಲಿ ಹಾರ್ಮೋನ್ ತಯಾರಿಸುವ ಕೋಶ, ಅಂದ ಮೇಲೆ ಟೆಸ್ಟೋಸ್ಟೆರಾನ್ ಬರಲೇಬೇಕು ಅಂತ ನಂಬಿಬಿಟ್ಟಿದ್ದೆ. ವೃಷಣದೊಳಗೆ ಕೂತಿರುವ ಕೋಶಕ್ಕೆ ಆ ಮಾತು ಸರಿ. ಎಂಎ-10 ಬಂದಿದ್ದು ಸುಂಡಿಲಿಯ ಲೇಡಿಗ್ ಕೋಶದ ಗೆಡ್ಡೆಯಿಂದ. ಟೆಸ್ಟೋಸ್ಟೆರಾನ್ ಆಗಲು ಬೇಕಾದ ಸಿವೈಪಿ17 ಎಂಜೈಮ್ ಅದರಲ್ಲಿ ತೀರಾ ಕಡಿಮೆ. ಹಾಗಾಗಿ ಹೆಚ್ಚಿನದೆಲ್ಲ ಅದಕ್ಕೂ ಮುಂಚೆ ಬರುವ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟೆರಾನ್ ಹಂತದಲ್ಲೇ ನಿಲ್ಲುತ್ತದೆ. ಅದಕ್ಕೆ ಮುಂಚಿನದ್ದೆಲ್ಲ ಚೆನ್ನಾಗೇ ನಡೆದಿರುತ್ತದೆ. ರಿಸೆಪ್ಟರ್‌ಗೆ ಎಚ್‌ಸಿಜಿ ಅಂಟುತ್ತದೆ, ಕೋಶದೊಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಏರುತ್ತದೆ, ಪಿಕೆಎ ಎಂಜೈಮ್ ಚುರುಕಾಗುತ್ತದೆ, ಸ್ಟಾರ್ ಪ್ರೋಟೀನ್ ಈ ಹಾರ್ಮೋನ್‌ಗಳ ಕಚ್ಚಾವಸ್ತುವಾದ ಕೊಲೆಸ್ಟೆರಾಲನ್ನು ಮೈಟೊಕಾಂಡ್ರಿಯಾದ ಒಳಪೊರೆಗೆ ದಾಟಿಸುತ್ತದೆ. 1994ರಲ್ಲಿ ಕ್ಲಾರ್ಕ್, ಸ್ಟಾಕೋ ಮತ್ತು ಜೊತೆಗಾರರು ಸ್ಟಾರ್ ಅನ್ನು ಗುರುತಿಸಿದ್ದೇ ಈ ಎಂಎ-10ರಿಂದ! ಅಷ್ಟು ಒಳ್ಳೆ ಕೋಶವನ್ನು ನಾನು ಸತ್ತಿದೆ ಅಂದುಕೊಂಡಿದ್ದೆ.

ಕೊನೆಗೆ ಸೀನಿಯರ್ ಒಬ್ಬರು "ಪ್ರೊಜೆಸ್ಟೆರಾನ್ ನೋಡಿದೆಯಾ?" ಅಂತ ಕೇಳಿದರು. ಫ್ರೀಜರ್‌ನಲ್ಲಿದ್ದ ಹಳೇ ಮೀಡಿಯಂ ತೆಗೆದು ಅಳೆದೆ. ಎಚ್‌ಸಿಜಿ ಹಾಕಿದ ಸಾಲು ಮಾತ್ರ ಹೆಚ್ಚುಕಡಿಮೆ ನೀರಿನಷ್ಟು ತಿಳಿಯಾಗಿತ್ತು, ಅಂದರೆ ಪ್ರೊಜೆಸ್ಟೆರಾನ್ ತುಂಬಿತ್ತು. ಮನೆಯಲ್ಲಿ ಹೇಳಿದಾಗ ಅಪ್ಪ, "ವಾಲ್ವ್ ಕೆಳಗಿನ ತೋಟಕ್ಕೆ ತಿರುಗಿಸಿಟ್ಟು, ಮೇಲಿನ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವುದಿಲ್ಲ ಅಂತ ಪಂಪ್ ಬಿಚ್ಚಿದ ಹಾಗಾಯ್ತಲ್ಲ" ಅಂದರು. ಅಡಿಕೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ.

ಡೋಸ್ ನಾನೂ ಹತ್ತುಪಟ್ಟು ಮಾಡಿದ್ದೆ. ಎಚ್‌ಸಿಜಿ ಜಾಸ್ತಿಯಾಗಿ ಹೆಚ್ಚು ಹೊತ್ತು ಉಳಿದರೆ ಕೋಶ ತನ್ನ ರಿಸೆಪ್ಟರ್‌ಗಳನ್ನೇ ಒಳಗೆಳೆದುಕೊಳ್ಳುತ್ತದೆ. ಇದ್ದ ಸಿಗ್ನಲ್ಲೂ ಮಂಕಾಗುತ್ತದೆ.

ನಾಳೆಯೇ ಪ್ರೊಜೆಸ್ಟೆರಾನ್ ಅಳೆಯಿರಿ. ಪಕ್ಕದಲ್ಲಿ ಒಂದು ವೆಲ್‌ಗೆ ಫೋರ್ಸ್ಕೊಲಿನ್ ಹಾಕಿ. ಅದು ರಿಸೆಪ್ಟರನ್ನು ಬಿಟ್ಟು ನೇರ ಸೈಕ್ಲಿಕ್ ಎಎಂಪಿ ಏರಿಸುತ್ತದೆ. ಅದಕ್ಕೆ ಕೋಶ ಸ್ಪಂದಿಸಿ, ಎಚ್‌ಸಿಜಿಗೆ ಸ್ಪಂದಿಸದಿದ್ದರೆ ಮಾತ್ರ ರಿಸೆಪ್ಟರ್ ಮೇಲೆ ಅನುಮಾನ ಪಡಿ, ಕಡಿಮೆ ಪ್ಯಾಸೇಜ್‌ನ (ಕಡಿಮೆ ಸಲ ಬೆಳೆಸಿ ಹಂಚಿದ ಕೋಶಗಳ) ವಯಲ್ ಕರಗಿಸಿ. ನಿಮಗೆ ಟೆಸ್ಟೋಸ್ಟೆರಾನೇ ಬೇಕು ಅಂದರೆ ಎಂಎ-10 ಬಿಡಿ, ಸುಂಡಿಲಿಯ ವೃಷಣದಿಂದ ತಾಜಾ ಲೇಡಿಗ್ ಕೋಶ ತೆಗೆದು ಕೆಲಸ ಮಾಡಿ.