ಖಾತೆ ಸಂಖ್ಯೆ ಬದಲಾಗಿದೆ ಎಂಬ ಇ-ಮೇಲ್ ಕುರಿತು

ಮಾನ್ಯರೇ, ಡೊಂಬಿವಲಿಯ ನಿಮ್ಮ ಕನ್ನಡ ಸಂಘಕ್ಕೆ ಸಭಾಗೃಹದವರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡವನ್ನು ಇದಕ್ಕೆ ಹಾಕಿ’ ಎಂಬ ಇ-ಮೇಲ್ ಬಂದಿದ್ದು, ಹಣ ಕಳುಹಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಕಳುಹಿಸಬೇಡಿ. ಆ ಇ-ಮೇಲ್‌ನಲ್ಲಿರುವ ನಂಬರಿಗಲ್ಲ, ಕಳೆದ ವರ್ಷದ ರಸೀದಿಯ ಮೇಲಿರುವ ನಂಬರಿಗೆ ಕರೆ ಮಾಡಿ ವಿಚಾರಿಸಿ. ಕಳುಹಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಇಂಗ್ಲಿಷಿನ ‘ಎಂ’ ಇರಬೇಕಾದಲ್ಲಿ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ಕುಳಿತಿದ್ದರೆ ಅವಸರದ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ವಿಳಾಸ ಸರಿಯಾಗಿದ್ದರೂ ಫೋನು ಮಾಡಲೇಬೇಕು, ಏಕೆಂದರೆ ಅವರ ಇ-ಮೇಲ್ ಖಾತೆಯೇ ಕಳ್ಳರ ಕೈಸೇರಿರಬಹುದು.

ಸಂಘದ ಇ-ಮೇಲ್ ಖಾತೆಗೆ ಐವರು ಪದಾಧಿಕಾರಿಗಳೂ ಒಂದೇ ಪಾಸ್‌ವರ್ಡ್ ಬಳಸುತ್ತೀರಿ ಎಂದು ಬರೆದಿದ್ದೀರಿ; ನನಗೆ ಹೆಚ್ಚು ಆತಂಕ ತಂದದ್ದು ಅದೇ. ಪುಣೆಯ ನಮ್ಮ ಸಂಘದಲ್ಲಿ ಎರಡು ಹಂತದ ದೃಢೀಕರಣ (ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಸಂಕೇತವನ್ನೂ ಕೇಳುವ ವ್ಯವಸ್ಥೆ) ಅಳವಡಿಸಲು ಹೊರಟಾಗ, ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರು ಎಂದೋ ಊರಿಗೆ ಮರಳಿದ್ದ ಹಳೆಯ ಕಾರ್ಯದರ್ಶಿಯದಾಗಿತ್ತು. ನಿಮ್ಮ ಖಾತೆಗೆ ಜೋಡಿಸಿದ ನಂಬರು ಯಾರದೆಂದು ನೋಡಿಕೊಳ್ಳಿ. ಪಾಸ್‌ವರ್ಡ್ ಬದಲಿಸಿ, ನಿಮ್ಮ ಪತ್ರಗಳು ತಾವಾಗಿಯೇ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿವೆಯೇ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಯಾರಾದರೂ ಈಗಾಗಲೇ ಹಣ ಹಾಕಿದ್ದರೆ, ಸಮಿತಿಯ ಸಭೆಗಾಗಿ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ಅದನ್ನು ತಡೆಹಿಡಿಯಬೇಕಾಗುತ್ತದೆ.