ಆನ್‌ಲೈನ್ ವ್ಯಾಪಾರ ಶುರುಮಾಡಲು ಮೊದಲ ದಿನ ನಿಜವಾಗಿ ಬೇಕಾದುದೆಷ್ಟು?

ಮಾರಬಹುದಾದ ಒಂದು ವಸ್ತು ನಿಮ್ಮ ಕೈಯಲ್ಲಿದೆ, ಸ್ವಲ್ಪ ಉಳಿತಾಯವೂ ಇದೆ; ಆದರೆ ಸಲಹೆ ಕೇಳಿದವರೆಲ್ಲ ಜಾಲತಾಣ, ಆ್ಯಪ್, ಲೋಗೊ, ಜಾಹೀರಾತು, ಗ್ರಾಹಕರ ಲೆಕ್ಕವಿಡುವ ಸಾಫ್ಟ್‌ವೇರ್ ಎಂದು ಒಬ್ಬೊಬ್ಬರು ಒಂದೊಂದು ಪಟ್ಟಿ ಕೊಡುತ್ತಿದ್ದಾರೆ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ವ್ಯಾಪಾರ ನಡೆದೀತು ಎಂಬುದು ನಿಮ್ಮ ಪ್ರಶ್ನೆ. ನಾನು ಕೈಯಿಂದ ಹೊಲಿದ ನೋಟ್‌ಪುಸ್ತಕಗಳನ್ನು ಕೆಲವು ವರ್ಷಗಳಿಂದ ಆನ್‌ಲೈನಿನಲ್ಲಿ ಮಾರುತ್ತಿದ್ದೇನೆ. ಆ ಪಟ್ಟಿಯಲ್ಲಿರುವ ಬಹುಪಾಲನ್ನು ಒಮ್ಮೆ ಕೊಂಡು ಕೈ ಸುಟ್ಟುಕೊಂಡವನೂ ಹೌದು.

ನನ್ನ ಉತ್ತರ ಇಷ್ಟು: ನಿಮ್ಮ ಪರಿಚಯವೇ ಇಲ್ಲದ ಒಬ್ಬರು ಪೂರ್ತಿ ಬೆಲೆ ಕೊಟ್ಟು ಕೊಳ್ಳುವವರೆಗೆ, ಆ ಒಂದು ಮಾರಾಟಕ್ಕೆ ಯಾವುದು ಇಲ್ಲದೆ ಆಗುವುದೇ ಇಲ್ಲವೋ ಅದು ಮಾತ್ರ ಅಗತ್ಯ. ಪರಿಚಯವಿಲ್ಲದವರು ಎಂದು ಒತ್ತಿ ಹೇಳಲು ಕಾರಣವಿದೆ. ನೆಂಟರು, ಸ್ನೇಹಿತರು ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ. ಆ ಮಾರಾಟದಿಂದ ವಸ್ತುವಿನ ಬಗ್ಗೆ ಏನೂ ತಿಳಿಯುವುದಿಲ್ಲ.

ನಾನು ಆರಂಭಿಸಿದಾಗ ಈ ವಿವೇಕ ಇರಲಿಲ್ಲ. ಸುಮಾರು ಐದು ತಿಂಗಳು ಜಾಲತಾಣದ ಬಣ್ಣ, ಲೋಗೊ, ಅಕ್ಷರವಿನ್ಯಾಸಗಳಲ್ಲೇ ಕಳೆದೆ. ಹೆಸರು ಅಚ್ಚಾದ ಐನೂರು ರಟ್ಟಿನ ಪೆಟ್ಟಿಗೆಗಳನ್ನು ಒಮ್ಮೆಲೇ ತರಿಸಿದೆ, ಏಕೆಂದರೆ ನೂರಕ್ಕಿಂತ ಐನೂರು ತರಿಸಿದರೆ ಒಂದೊಂದರ ಬೆಲೆ ಕಡಿಮೆ ಬೀಳುತ್ತಿತ್ತು. ಮೊದಲು ಕೊಂಡ ಹತ್ತು ಹನ್ನೆರಡು ಜನರಲ್ಲಿ ಹೆಚ್ಚಿನವರು ಹೇಳಿದ ಮಾತು ಒಂದೇ: ಪುಸ್ತಕ ಚೆನ್ನಾಗಿದೆ, ಆದರೆ ಚೀಲದಲ್ಲಿ ಹಿಡಿಸುವುದಿಲ್ಲ, ಇನ್ನೂ ಚಿಕ್ಕದಾಗಿದ್ದರೆ ಒಳ್ಳೆಯದು. ಅಳತೆ ಬದಲಾಯಿಸಿದೆ, ಮಾರಾಟ ಹೆಚ್ಚಿತು. ಆದರೆ ಹೊಸ ಪುಸ್ತಕ ಹಳೆಯ ಪೆಟ್ಟಿಗೆಯೊಳಗೆ ಗಡಗಡ ಅಲುಗಾಡುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂಬ ಗಾದೆಯನ್ನು ನಾನು ಅಕ್ಷರಶಃ ಆಚರಿಸಿದ್ದೆ. ಆ ಪೆಟ್ಟಿಗೆಗಳಲ್ಲಿ ಕೆಲವು ಇಂದಿಗೂ ನನ್ನ ಅಟ್ಟದ ಮೇಲಿವೆ.

ಆ ಐದು ತಿಂಗಳು ನಾನು ಸೋಮಾರಿಯಾಗಿರಲಿಲ್ಲ, ದಿನವೂ ದುಡಿಯುತ್ತಿದ್ದೆ. ಯಾರಾದರೂ ಬೇಡ ಎಂದುಬಿಟ್ಟಾರು ಎಂಬ ಅಳುಕಿನಿಂದ, ಬೇಡ ಎನ್ನಲು ಯಾರೂ ಇಲ್ಲದ ಕೆಲಸಗಳನ್ನೇ ಆರಿಸಿಕೊಂಡು ಮಾಡುತ್ತಿದ್ದೆ. ಅನಗತ್ಯ ಖರ್ಚಿನ ಬೇರು ಹಲವು ಬಾರಿ ದುಂದಿನಲ್ಲಿ ಇರುವುದಿಲ್ಲ, ಈ ಅಳುಕಿನಲ್ಲಿ ಇರುತ್ತದೆ.

ಇದಕ್ಕೆ ಎದುರಾದ ದಾರಿ ಹಿಡಿದವರ ಉದಾಹರಣೆ ಬೇಕಿದ್ದರೆ ಆನ್‌ಲೈನಿನಲ್ಲಿ ಬೂಟು ಮಾರುವ ಅಮೆರಿಕದ ಝಾಪೋಸ್ ಕಂಪನಿಯ ಆರಂಭವನ್ನು ನೋಡಿ. ಜನ ಕಾಲಿಗೆ ತೊಟ್ಟು ನೋಡದೆ ಅಂತರಜಾಲದಲ್ಲಿ ಬೂಟು ಕೊಳ್ಳುತ್ತಾರೆಯೇ ಎಂಬುದು 1999ರಲ್ಲಿ ಯಾರಿಗೂ ಖಚಿತವಿರಲಿಲ್ಲ. ಅದರ ಸ್ಥಾಪಕ ನಿಕ್ ಸ್ವಿನ್‌ಮರ್ನ್ ಗೋದಾಮು ಕಟ್ಟಲಿಲ್ಲ, ದಾಸ್ತಾನು ತುಂಬಲಿಲ್ಲ. ಅಕ್ಕಪಕ್ಕದ ಅಂಗಡಿಗಳಲ್ಲಿ ಬೂಟುಗಳ ಚಿತ್ರ ತೆಗೆದು ಜಾಲತಾಣಕ್ಕೆ ಹಾಕಿದರು, ಯಾರಾದರೂ ಬೇಡಿಕೆ ಕಳಿಸಿದರೆ ಅದೇ ಅಂಗಡಿಗೆ ಹೋಗಿ ಪೂರ್ತಿ ಬೆಲೆಗೆ ಕೊಂಡು ಅಂಚೆಗೆ ಹಾಕಿದರು. ಒಂದೊಂದು ಜೊತೆಯಲ್ಲೂ ಲಾಭವಿರಲಿಲ್ಲ ಎಂಬುದು ನಿಜ, ಆದರೆ ಅವರಿಗೆ ಬೇಕಿದ್ದ ಉತ್ತರ ಸಿಕ್ಕಿತು. 2009ರಲ್ಲಿ ಆ ಕಂಪನಿಯನ್ನು ಅಮೆಜಾನ್ ಕೊಂಡುಕೊಂಡಿತು. ಅದೇ ಕಾಲದಲ್ಲಿ ಮನೆಗೆ ದಿನಸಿ ತಲುಪಿಸಲು ಹೊರಟ ವೆಬ್‌ವ್ಯಾನ್, ಎಷ್ಟು ಜನ ಮತ್ತೆ ಮತ್ತೆ ಕೊಳ್ಳುತ್ತಾರೆಂದು ತಿಳಿಯುವ ಮುನ್ನವೇ ಯಂತ್ರಚಾಲಿತ ಗೋದಾಮುಗಳ ಸರಣಿಯನ್ನು ಕಟ್ಟಿಸಲು ನೂರು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು, 2001ರ ಜುಲೈಯಲ್ಲಿ ದಿವಾಳಿಯಾಯಿತು. ಮನೆಗೆ ದಿನಸಿ ತರಿಸುವುದು ಈಗ ಸಾಮಾನ್ಯ ಸಂಗತಿ. ಅಂದರೆ ಅವರ ಕಲ್ಪನೆಯಲ್ಲಿ ದೋಷವಿರಲಿಲ್ಲ, ಬೇಡಿಕೆಗಿಂತ ಎಷ್ಟೋ ಮುಂದೆ ಓಡಿದ ಖರ್ಚು ಅವರನ್ನು ಮುಳುಗಿಸಿತು.

ಇನ್ನು ನಿಮ್ಮ ಪಟ್ಟಿಗೆ ಬರುತ್ತೇನೆ. ಜಾಲತಾಣದ ಹೆಸರನ್ನು, ಅಂದರೆ ಡೊಮೇನನ್ನು, ಮೊದಲ ದಿನವೇ ಕೊಳ್ಳಿ. ಅದು ಅಗ್ಗ, ಮತ್ತು ಬೇರೆಯವರು ಕೊಂಡುಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಆದರೆ ಹಣ ಕಟ್ಟುವ ಪುಟದಲ್ಲಿ ನಿಧಾನವಾಗಿ ಓದಿ, ಏಕೆಂದರೆ ಅನಗತ್ಯಗಳ ಸಂತೆ ಅಲ್ಲೇ ನೆರೆದಿರುತ್ತದೆ. ಜಾಲತಾಣಕ್ಕೂ ಅದನ್ನು ನೋಡುವವರಿಗೂ ನಡುವೆ ಸಾಗುವ ಮಾಹಿತಿಯನ್ನು ಗುಪ್ತವಾಗಿಡುವ ಸುರಕ್ಷತೆಯ ಪ್ರಮಾಣಪತ್ರಕ್ಕೆ ವರ್ಷಕ್ಕಿಷ್ಟು ಎಂದು ಕೇಳಿದರೆ ಕೊಡಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ 2015ರ ಕೊನೆಯಿಂದ ಅದನ್ನು ಉಚಿತವಾಗಿ ಕೊಡುತ್ತಿದೆ, ಜಾಲತಾಣಕ್ಕೆ ಜಾಗ ಕೊಡುವ ಬಹುತೇಕ ಸೇವೆಗಳು ಅದನ್ನು ತಾವೇ ಅಳವಡಿಸುತ್ತವೆ. ನಿಮ್ಮ ಜಾಲತಾಣವನ್ನು ಶೋಧಯಂತ್ರಗಳಿಗೆ ಸೇರಿಸಿಕೊಡುತ್ತೇವೆ ಎಂಬ ಸೇವೆಗೂ ಹಣ ತೆರಬೇಡಿ. ಗೂಗಲ್ ತಾನಾಗಿಯೇ ಪುಟಗಳನ್ನು ಹುಡುಕಿಕೊಳ್ಳುತ್ತದೆ, ತ್ವರೆಯಿದ್ದರೆ ಜಾಲತಾಣದ ಒಡೆಯರಿಗಾಗಿ ಅದು ಕೊಡುವ ಸರ್ಚ್ ಕನ್ಸೋಲ್ ಎಂಬ ಸೌಲಭ್ಯದ ಮೂಲಕ ನೀವೇ ಖರ್ಚಿಲ್ಲದೆ ತಿಳಿಸಬಹುದು. ಮೊದಲ ವರ್ಷದ ರಿಯಾಯಿತಿ ಬೆಲೆಯನ್ನಲ್ಲ, ನವೀಕರಣದ ಬೆಲೆಯನ್ನು ನೋಡಿ ನಿರ್ಧರಿಸಿ. ಬೇರೆಯವರಿಂದ ಜಾಲತಾಣ ಮಾಡಿಸಿದರೂ ಡೊಮೇನ್ ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಿರಬೇಕು. ಈ ಒಂದು ವಿಷಯದಲ್ಲಿ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡಿ.

ಆ ಹೆಸರಿನಲ್ಲಿ ಒಂದೇ ಪುಟ ಸಾಕು. ವಸ್ತು ಏನು, ಯಾರಿಗಾಗಿ, ಅಳತೆ ಎಷ್ಟು, ಬೆಲೆ ಎಷ್ಟು, ಎಷ್ಟು ದಿನದಲ್ಲಿ ತಲುಪುತ್ತದೆ, ಇಷ್ಟವಾಗದಿದ್ದರೆ ಹಿಂದಿರುಗಿಸುವುದು ಹೇಗೆ, ನಿಮ್ಮನ್ನು ಸಂಪರ್ಕಿಸುವುದು ಹೇಗೆ ಎಂಬುದು ಅಲ್ಲಿರಲಿ. ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಐದಾರು ಚಿತ್ರಗಳಿರಲಿ, ಅವುಗಳಲ್ಲಿ ಒಂದರಲ್ಲಾದರೂ ವಸ್ತು ಒಬ್ಬರ ಕೈಯಲ್ಲಿರಲಿ, ಗಾತ್ರ ತಿಳಿಯುವಂತೆ. (ನನ್ನ ಪುಟದಲ್ಲಿ ಅಂಥ ಚಿತ್ರವಿದ್ದಿದ್ದರೆ ಪೆಟ್ಟಿಗೆಗಳ ಪ್ರಸಂಗವೇ ನಡೆಯುತ್ತಿರಲಿಲ್ಲವೇನೋ.)

ಹಣ ಪಡೆಯಲು ಪೇಮೆಂಟ್ ಗೇಟ್‌ವೇ ಸೇವೆಗಳು ಕೊಡುವ ಲಿಂಕ್ ಒಂದಿದ್ದರೆ ಆಯಿತು. ಗ್ರಾಹಕರು ಅದನ್ನು ಒತ್ತಿ ಆ ಸೇವೆಯ ಪುಟದಲ್ಲೇ ಹಣ ಕಟ್ಟುತ್ತಾರೆ. ಕಾರ್ಡಿನ ವಿವರಗಳನ್ನು ನಿಮ್ಮ ಜಾಲತಾಣದಲ್ಲಿ ಪಡೆದು ಇಟ್ಟುಕೊಳ್ಳುವ ಯೋಚನೆಯೇ ಬೇಡ, ಅದರ ಸುರಕ್ಷತಾ ನಿಯಮಗಳನ್ನು ಪಾಲಿಸುವುದು ಒಂಟಿ ವ್ಯಾಪಾರಿಗೆ ಆಗುವ ಕೆಲಸವಲ್ಲ. ಬೇಡಿಕೆಗಳ ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಬಿಲ್ಲು, ಧನ್ಯವಾದದ ಪತ್ರ, ರವಾನೆಯ ಸುದ್ದಿ ಎಲ್ಲವನ್ನೂ ಕೈಯಾರೆ ಬರೆದು ಕಳಿಸಿ. ಇದು ಹಣ ಉಳಿಸುವ ಉಪಾಯ ಮಾತ್ರವಲ್ಲ. ಒಂದೇ ಪ್ರಶ್ನೆಗೆ ಮೂವತ್ತು ಬಾರಿ ಉತ್ತರ ಬರೆದವರಿಗೆ, ಆ ಉತ್ತರವನ್ನು ಪುಟದ ಯಾವ ಸಾಲಿನಲ್ಲಿ ಸೇರಿಸಬೇಕೆಂದು ಗೊತ್ತಾಗುತ್ತದೆ. ಮೊದಲ ದಿನವೇ ಯಂತ್ರಕ್ಕೆ ಒಪ್ಪಿಸಿದವರಿಗೆ ಆ ಪ್ರಶ್ನೆ ಕೇಳಿಸುವುದೇ ಇಲ್ಲ. ಕೈಯಿಂದ ಮಾಡಿ ಮಾಡಿ ದಿನದ ಹೊತ್ತು ಸಾಲದಾದಾಗ ಸಾಫ್ಟ್‌ವೇರ್ ಕೊಳ್ಳಿ. ಆಗ ನಿಮಗೆ ಅದರಿಂದ ಏನಾಗಬೇಕು ಎಂಬುದೂ ಸ್ಪಷ್ಟವಾಗಿರುತ್ತದೆ.

ತಿಂಗಳ ಚಂದಾಗಳ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಬೇಕು. ಒಂದೊಂದೂ ಚಿಕ್ಕದಾಗಿ ಕಾಣುತ್ತದೆ, ಆದ್ದರಿಂದಲೇ ಅಪಾಯ. ಬೆಲೆಯನ್ನು ನೂರು ಎಂದು ಇಟ್ಟುಕೊಳ್ಳಿ: ಸಾಮಗ್ರಿಗೆ ನಲವತ್ತು, ಕಟ್ಟಿ ಕಳಿಸಲು ಇಪ್ಪತ್ತೈದು, ಹಣ ಪಡೆಯುವ ಸೇವೆಗೆ ಮೂರು, ಹಾಳಾಗುವ ಮತ್ತು ಹಿಂದಿರುಗುವ ಸರಕಿಗೆ ಏಳು ಹೋದರೆ ಉಳಿಯುವುದು ಇಪ್ಪತ್ತೈದು. ನಾಲ್ಕು ಸೇವೆಗಳ ಚಂದಾ ಸೇರಿ ತಿಂಗಳಿಗೆ ಐನೂರಾದರೆ, ತಿಂಗಳ ಮೊದಲ ಇಪ್ಪತ್ತು ಮಾರಾಟಗಳು ಅವುಗಳಿಗೇ ಸಂದವು. ನಿಮ್ಮ ದುಡಿಮೆಯ ಕೂಲಿ ಇಪ್ಪತ್ತೊಂದನೆಯದರಿಂದ ಆರಂಭ. ಯಾವುದೇ ಸೇವೆಯನ್ನು ಕೊಳ್ಳುವ ಮುನ್ನ ಅದರ ಚಂದಾವನ್ನು ಒಂದು ಮಾರಾಟದ ಉಳಿಕೆಯಿಂದ ಭಾಗಿಸಿ ನೋಡುವುದನ್ನು ನಾನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ.

ಬಿಡಬಾರದವು ಕೆಲವಿವೆ. ನಿಮ್ಮಲ್ಲಿ ತೆರಿಗೆ ಅಥವಾ ಪರವಾನಗಿಯ ನಿಯಮ ಏನಿದೆಯೋ ಅದನ್ನು ಮೊದಲೇ ತಿಳಿದುಕೊಳ್ಳಿ, ವಿಶೇಷವಾಗಿ ತಿನ್ನುವ, ಮೈಗೆ ಹಚ್ಚುವ ಅಥವಾ ಮಕ್ಕಳು ಬಳಸುವ ವಸ್ತುವಾಗಿದ್ದರೆ. ವ್ಯಾಪಾರದ ಹಣಕ್ಕೆ ಬೇರೆ ಖಾತೆ ಇರಲಿ. ಕೊಂಡವರ ಒಪ್ಪಿಗೆ ಪಡೆದು ಅವರ ಇಮೇಲ್ ವಿಳಾಸಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಸಾಮಾಜಿಕ ಜಾಲದ ಖಾತೆಯೊಂದನ್ನೇ ನೆಚ್ಚಿ ಕುಳಿತರೆ, ಅದು ಯಾವುದೋ ಕಾರಣಕ್ಕೆ ಸ್ಥಗಿತಗೊಂಡ ದಿನ ನಿಮ್ಮ ಅಂಗಡಿಯ ಬಾಗಿಲು ಬೇರೆಯವರ ಕೈಯಲ್ಲಿತ್ತು ಎಂಬುದು ಅರಿವಾಗುತ್ತದೆ. ನನಗೆ ಹಾಗೆ ಒಮ್ಮೆ ಆಗಿ, ಹನ್ನೊಂದು ದಿನ ಒಂದೂ ಬೇಡಿಕೆ ಬರಲಿಲ್ಲ.

ಜಾಹೀರಾತನ್ನು ಈಗಲೇ ಕೊಡಬೇಡಿ. ನಿಮ್ಮ ವಸ್ತುವನ್ನು ಬಳಸುವಂಥವರು ಎಲ್ಲಿ ಸೇರುತ್ತಾರೋ ಅಲ್ಲಿ ಇಪ್ಪತ್ತು ಮೂವತ್ತು ಜನರಿಗೆ ನೀವೇ ನೇರವಾಗಿ ತೋರಿಸಿ. ಅಷ್ಟು ಜನರಲ್ಲಿ ಒಬ್ಬರೂ ಕೊಳ್ಳದಿದ್ದರೆ ಅದೇ ಪುಟವನ್ನು ಹಣ ತೆತ್ತು ಹತ್ತು ಸಾವಿರ ಜನರಿಗೆ ತೋರಿಸಿದರೂ ಫಲವಿಲ್ಲ, ಬೆಲೆಯನ್ನೋ ವಸ್ತುವನ್ನೋ ವಿವರಣೆಯನ್ನೋ ಬದಲಿಸಬೇಕು. ಆ್ಯಪ್ ಬೇಕೇ ಎಂದು ನೀವು ಕೇಳಬಹುದು. ಬೇಡ. ಒಂದೇ ವಸ್ತು ಮಾರುವವರ ಆ್ಯಪನ್ನು ಯಾರೂ ತಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನನ್ನದನ್ನು ಇಳಿಸಿಕೊಂಡವರು ನಾಲ್ವರು, ಅವರಲ್ಲಿ ಇಬ್ಬರು ನನ್ನ ಮನೆಯವರು.